ಭಾರ ಯಾರ ಮೇಲೆ?

ಹೋದ ವಾರ ಡಲ್ಲಾಸ್‌ನಿಂದ ಹಳೇ ಗೆಳೆಯನ ಫೋನ್ ಬಂತು. ಅವನಿಗೆ ಸಿಯಾಟಲ್‌ನಲ್ಲಿ ಹೊಸ ಕೆಲಸ ಸಿಕ್ಕಿದೆ. ಸಾಮಾನು ಸಾಗಿಸುವವರು ಹೇಳಿದ ರೇಟು ಕೇಳಿ ತಲೆ ತಿರುಗಿದೆಯಂತೆ. "ಮಗಾ, ನೀನು ನಿನ್ನ ಹಳೇ ಎಸ್‌ಯುವಿಗೆ ಬಾಡಿಗೆ ಟ್ರೇಲರ್ ಕಟ್ಕೊಂಡು ಡೆನ್ವರ್‌ಗೆ ಹೋದ್ಯಲ್ಲ, ಏನೂ ತೊಂದ್ರೆ ಆಗ್ಲಿಲ್ಲ ತಾನೆ? ನಂದೂ ಹೆಚ್ಚುಕಮ್ಮಿ ಅದೇ ವಯಸ್ಸಿನ ಗಾಡಿ. ನಾನೂ ಹಾಗೇ ಮಾಡ್ಲಾ?"

"ಏನೂ ಆಗ್ಲಿಲ್ಲ ಕಣೋ" ಅನ್ನೋ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. ಅದು ಸುಳ್ಳೂ ಅಲ್ಲ. ಆದರೂ ಹೇಳೋಕೆ ಬಾಯಿ ಬರಲಿಲ್ಲ. "ರಾತ್ರಿ ಮಾಡ್ತೀನಿ" ಅಂದು ಫೋನ್ ಇಟ್ಟೆ.

ಎರಡು ವರ್ಷದ ಹಿಂದಿನ ಮಾತು. ನಮ್ಮದು 2006ರ ಮಾಡೆಲ್ ಗಾಡಿ, ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಹಾಕಿಸಿದ್ದ ಹಿಚ್ ಹಾಗೇ ಇತ್ತು. ಕೆಲವು ತಿಂಗಳಿಂದ ಗೇರ್ ಬದಲಾಗುವಾಗ ಒಂದು ಸಣ್ಣ ಜರ್ಕ್ ಬರ್ತಿತ್ತು. ಗಂಟಲು ಸರಿಮಾಡಿಕೊಂಡು ಮಾತಾಡೋ ಹಿರಿಯರ ಥರ ಒಂದು ಕ್ಷಣ ನಿಂತು ಮುಂದೆ ಹೋಗೋದು. ದಿನಾ ಆಫೀಸಿಗೆ ಹೋಗಿ ಬರೋಕೆ ಅದರಿಂದ ಏನೂ ತೊಂದರೆ ಇರಲಿಲ್ಲ. ಒಬ್ಬ ಸಹೋದ್ಯೋಗಿ "ಟ್ರಾನ್ಸ್‌ಮಿಷನ್ ಒಂದ್ಸಲ ತೋರಿಸಿಬಿಡು" ಅಂದಿದ್ದ.

ನಾನು ತೋರಿಸಲಿಲ್ಲ. ಟೈಮ್ ಇರಲಿಲ್ಲ ಅಂತ ಹೇಳಬಹುದು. ಆದರೆ ನಿಜ ಅದಲ್ಲ. ತೋರಿಸಿದರೆ ಮೆಕ್ಯಾನಿಕ್ "ಇದರಲ್ಲಿ ಟ್ರೇಲರ್ ಎಳೀಬೇಡ" ಅಂದುಬಿಡ್ತಾನೆ ಅಂತ ಎಲ್ಲೋ ಒಳಗೆ ಗೊತ್ತಿತ್ತು. ಆಮೇಲೆ ಟ್ರಕ್ ಬಾಡಿಗೆಗೆ ತಗೋಬೇಕು, ಗಾಡಿ ಬೇರೆ ಸಾಗಿಸಬೇಕು, ಮನೆಯ ಡೌನ್ ಪೇಮೆಂಟ್‌ಗೆ ಇಟ್ಟ ದುಡ್ಡಿಗೆ ಕೈ ಹಾಕಬೇಕು. ತೋರಿಸದೇ ಇರೋ ತನಕ "ಗಾಡಿ ಚೆನ್ನಾಗೇ ಇದೆ" ಅಂತ ಪ್ರಾಮಾಣಿಕವಾಗಿ ನಂಬಬಹುದಿತ್ತು. ನಂಬಿದೆ ಕೂಡ.

ಮ್ಯಾನುಯಲ್ ತೆಗೆದು ನೋಡಿದೆ. ಎಳೆಯಬಹುದಾದ ಗರಿಷ್ಠ ತೂಕ 3,500 ಪೌಂಡ್. ಅಂದರೆ ಸುಮಾರು 1,590 ಕಿಲೋ. ನಾನು ಬುಕ್ ಮಾಡಿದ್ದ ಐದಡಿ ಅಗಲ, ಎಂಟಡಿ ಉದ್ದದ ಮುಚ್ಚಿದ ಟ್ರೇಲರ್ ಖಾಲಿ ಇದ್ದಾಗ 900 ಪೌಂಡ್, ಪೂರ್ತಿ ತುಂಬಿದರೆ 2,700. ಎಂಟುನೂರು ಪೌಂಡ್ ಉಳಿತಾಯ! ಪುಸ್ತಕ ಮುಚ್ಚಿದೆ. ಅದರ ಕೆಳಗಿನ ಸಾಲಿನಲ್ಲಿ, ಹೆಚ್ಚುವರಿ ಟ್ರಾನ್ಸ್‌ಮಿಷನ್ ಕೂಲರ್ ಹಾಕಿಸಿದ್ದರೆ ಮಾತ್ರ ಈ ಲೆಕ್ಕ ಅಂತ ಬರೆದಿತ್ತು. ಅದನ್ನು ಓದಿದ್ದು ಆಮೇಲೆ. ನಮ್ಮ ಗಾಡಿಗೆ ಹಿಚ್ ಇತ್ತು, ಕೂಲರ್ ಇರಲಿಲ್ಲ. ನನಗೆ ಬೇಕಾಗಿದ್ದ ಸಂಖ್ಯೆ ಸಿಕ್ಕ ತಕ್ಷಣ ಓದೋದು ನಿಲ್ಲಿಸಿದ್ದೆ.

ಹೆಂಡತಿ ಕೇಳಿದಳು, "ಗಾಡಿ ತೋರಿಸಿದ್ಯಾ?" ನಾನಂದೆ, "ಹೂಂ, ಆಯಿಲ್ ಚೇಂಜ್ ಮಾಡ್ಸಿದೀನಿ." ಅದು ಇಂಜಿನ್ ಆಯಿಲ್. ಮಾತು ನಿಜ, ಆದರೆ ಅವಳು ಕೇಳಿದ್ದು ಅದಲ್ಲ.

ಟ್ರೇಲರ್ ಕೊಟ್ಟ ಹುಡುಗ ಗಾಡಿ ಯಾವುದು, ಯಾವ ವರ್ಷದ್ದು ಅಂತ ಕೇಳಿ ಕಂಪ್ಯೂಟರಿಗೆ ಹಾಕಿದ. ಚೈನು ಸಿಕ್ಕಿಸಿದ, ಬ್ರೇಕ್ ಲೈಟ್ ಹತ್ತುತ್ತಾ ನೋಡಿದ. ಗಂಟೆಗೆ 55 ಮೈಲಿ ದಾಟಬೇಡಿ, ತೂಕದ ನೂರಕ್ಕೆ 60 ಭಾಗ ಮುಂದಿನ ಅರ್ಧದಲ್ಲಿರಲಿ ಅಂದ. ಜರ್ಕಿನ ವಿಷಯ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಮನೆಗೆ ಬಂದು ತುಂಬಿದೆವು. ಎಲ್ಲಾ ಆದಮೇಲೆ ಉಳಿದಿದ್ದು ಇಡ್ಲಿ ಹಿಟ್ಟಿನ ಗ್ರೈಂಡರ್ ಮತ್ತು ಆರು ಡಬ್ಬ ಪುಸ್ತಕ. ಮುಂದೆ ಜಾಗ ಇರಲಿಲ್ಲ, ಹಿಂದಿನ ಬಾಗಿಲ ಹತ್ತಿರ ತುರುಕಿದೆ.

ಬೆಳಗ್ಗೆ ತೆಂಗಿನಕಾಯಿ ಒಡೆದು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ಗಾಡಿಯ ನಾಲ್ಕು, ಟ್ರೇಲರಿನ ಎರಡು, ಒಟ್ಟು ಆರು. ಆರು ಟೈರಿಗೂ ಬಗ್ಗಿ ನಿಂಬೆಹಣ್ಣು ಇಟ್ಟವನು ಒಂದರ ಗಾಳಿಯನ್ನೂ ಚೆಕ್ ಮಾಡಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮ ಹೇಳಿದಳು, "ದೇವರ ಮೇಲೆ ಭಾರ ಹಾಕಿ ಹೊರಡು ಮಗನೇ."

ಡಲ್ಲಾಸ್‌ನಿಂದ ವಿಚಿಟಾ ಫಾಲ್ಸ್, ಅಮರಿಲ್ಲೋ, ರಟೋನ್ ಮಾರ್ಗವಾಗಿ ಡೆನ್ವರ್‌ಗೆ ಸುಮಾರು 800 ಮೈಲಿ. ಅಮರಿಲ್ಲೋ ಕಡೆಗೆ ಹೋಗುವ 287ನೇ ಹೆದ್ದಾರಿ ನೇರ, ಸಪಾಟು. ಮೊದಲ ಎರಡು ಗಂಟೆ 55ರಲ್ಲೇ ಹೋದೆ. ಆಮೇಲೆ 60, 65. ಕೊನೆಗೆ 70. ದೊಡ್ಡ ಟ್ರಕ್ಕೊಂದು ನಮ್ಮನ್ನು ಹಿಂದೆ ಹಾಕಿತು ನೋಡಿ, ಟ್ರೇಲರ್ ನಾಯಿ ಬಾಲದ ಹಾಗೆ ಅಲ್ಲಾಡೋಕೆ ಶುರುವಾಯಿತು. ಅಂಥ ಹೊತ್ತಲ್ಲಿ ಬ್ರೇಕ್ ಒತ್ತಬಾರದು, ಆಕ್ಸಿಲರೇಟರಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿದಿರಬೇಕು. ನಾನು ಬ್ರೇಕ್ ಒತ್ತಿದೆ. ಟ್ರೇಲರ್ ನಮ್ಮ ಗಾಡಿಯ ಹಿಂಭಾಗವನ್ನೇ ಎಳೆದಾಡಿತು. ಪಕ್ಕದ ಲೇನಿನಲ್ಲಿ ಒಂದು ಸಣ್ಣ ಕಾರು. ಹಿಂದಿನ ಸೀಟಿನಲ್ಲಿ ಒಂದು ಮಗು ಕಿಟಕಿಗೆ ಮುಖ ಒತ್ತಿಕೊಂಡು ನಮ್ಮ ಟ್ರೇಲರ್ ಕುಣಿಯೋದನ್ನೇ ನೋಡ್ತಿತ್ತು. ನಾಲ್ಕೈದು ಸೆಕೆಂಡ್ ಇರಬಹುದು. ಬ್ರೇಕಿಂದ ಕಾಲು ತೆಗೆದೆ, ವೇಗ ಇಳಿಯಿತು, ಟ್ರೇಲರ್ ನೇರವಾಯಿತು. ಹೆಂಡತಿ ಎಚ್ಚರಾಗಿ "ಏನಾಯ್ತು?" ಅಂದಳು. "ಗಾಳಿ" ಅಂದೆ.

ಗಾಳಿ ಅಲ್ಲ, ಗ್ರೈಂಡರ್. ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಹಿಚ್ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಸರಿದರೆ ಹಿಚ್ ಹಗುರಾಗುತ್ತದೆ, ಸಣ್ಣ ಓಲಾಟವೂ ತಾನೇ ತಾನಾಗಿ ದೊಡ್ಡದಾಗುತ್ತದೆ. ವೇಗ ಹೆಚ್ಚಿದ್ದಷ್ಟೂ ಬೇಗ ದೊಡ್ಡದಾಗುತ್ತದೆ.

ಮಾರನೇ ದಿನ ರಟೋನ್ ಪಾಸ್ ಹತ್ತಬೇಕಿತ್ತು. ನ್ಯೂ ಮೆಕ್ಸಿಕೋ-ಕೊಲರಾಡೋ ಗಡಿಯ ಘಾಟಿ, ಎತ್ತರ 7,834 ಅಡಿ. ಟರ್ಬೋ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಗಾಡಿ ಅರಚಿಕೊಂಡು ಹತ್ತಿತು. ಸುಟ್ಟ ವಾಸನೆ ಬಂತು. ಎಸಿ ಆಫ್ ಮಾಡಿ, ಕಿಟಕಿ ತೆಗೆದು, ಗೊತ್ತಿದ್ದ ಸ್ತೋತ್ರ ಎಲ್ಲಾ ಹೇಳಿಕೊಂಡೆ. ಸಂಜೆಗೆ ಡೆನ್ವರ್ ತಲುಪಿದೆವು. ವಾಟ್ಸಾಪ್‌ನಲ್ಲಿ ಫೋಟೋ ಹಾಕಿದೆ. "ಸೂಪರ್ ಮಗಾ", "ಹಳೇ ಗಾಡಿನೇ ಗಟ್ಟಿ ಗುರು" ಅಂತೆಲ್ಲ ಬಂತು. ಈಗ ಫೋನ್ ಮಾಡಿದ ಗೆಳೆಯನೂ ಅಲ್ಲಿ ಚಪ್ಪಾಳೆ ತಟ್ಟಿದ್ದ.

ತಿಂಗಳಾದ ಮೇಲೆ ಗಾಡಿ ತೋರಿಸಿದೆ. ಮೆಕ್ಯಾನಿಕ್ ಡಿಪ್‌ಸ್ಟಿಕ್ ಎಳೆದು ಬಿಳಿ ಟಿಶ್ಯೂ ಮೇಲೆ ಒರೆಸಿದ. ಕೆಂಪಗಿರಬೇಕಾದ ಟ್ರಾನ್ಸ್‌ಮಿಷನ್ ದ್ರವ ಕಾಫಿ ಡಿಕಾಕ್ಷನ್ ಥರ ಕಪ್ಪಗಾಗಿತ್ತು. "ಇದರಲ್ಲಿ ಟ್ರೇಲರ್ ಎಳೆದ್ರಾ?" ಅಂದ. ಆಮೇಲೆ ಏನೂ ಅನ್ನಲಿಲ್ಲ.

1877ರಲ್ಲಿ ಡಬ್ಲ್ಯೂ. ಕೆ. ಕ್ಲಿಫರ್ಡ್ ಅನ್ನೋ ಇಂಗ್ಲೆಂಡಿನ ಗಣಿತಜ್ಞ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಒಬ್ಬ ಹಡಗಿನ ಮಾಲೀಕ ಬರ್ತಾನೆ. ಹಡಗು ಹಳೇದು, ಎಷ್ಟೋ ಸಲ ರಿಪೇರಿಯಾಗಿದೆ. ಊರು ಬಿಟ್ಟು ಹೋಗೋ ವಲಸಿಗರನ್ನು ಅದರಲ್ಲಿ ಕಳಿಸಬೇಕು. ಯಾರೋ ಅನುಮಾನ ಹೇಳ್ತಾರೆ. ರಿಪೇರಿಗೆ ದುಡ್ಡು ಬೇಕು. ಇಷ್ಟು ಸಲ ಹೋಗಿ ಬಂದಿದೆಯಲ್ಲ, ದೇವರು ಕೈಬಿಡಲ್ಲ ಅಂತ ಅವನು ಮನಸ್ಸಿಗೆ ಸಮಾಧಾನ ಹೇಳಿಕೊಳ್ತಾನೆ. ಕೊನೆಗೆ ನಿಜವಾಗಿಯೂ ನಂಬ್ತಾನೆ. ಹಡಗು ನಡುಸಮುದ್ರದಲ್ಲಿ ಮುಳುಗುತ್ತದೆ, ಇವನಿಗೆ ಇನ್ಶೂರೆನ್ಸ್ ಹಣ ಬರುತ್ತದೆ. ಅವನು ನಂಬಿದ್ದು ಪ್ರಾಮಾಣಿಕವಾಗೇ ಇರಬಹುದು, ಆದರೆ ಹಾಗೆ ನಂಬುವ ಹಕ್ಕು ಅವನಿಗೆ ಇರಲಿಲ್ಲ ಅಂತಾನೆ ಕ್ಲಿಫರ್ಡ್. ಆಮೇಲೆ ಕೇಳ್ತಾನೆ, ಹಡಗು ಮುಳುಗದೆ ದಡ ಸೇರಿದ್ದರೆ? ತಪ್ಪು ಒಂದು ಗುಲಗಂಜಿಯಷ್ಟೂ ಕಡಿಮೆ ಆಗಲ್ಲ, ಸಿಕ್ಕಿಬೀಳಲಿಲ್ಲ ಅಷ್ಟೇ ಅನ್ನೋದು ಅವನ ವಾದ. ಕ್ಲಿಫರ್ಡ್ ಸ್ವತಃ 1870ರಲ್ಲಿ ಸಿಸಿಲಿ ಹತ್ತಿರ ಹಡಗು ಒಡೆದಾಗ ಬದುಕಿ ಬಂದವನು.

ನೂರು ವರ್ಷದ ನಂತರ ಅಮೆರಿಕದ ತತ್ವಜ್ಞಾನಿ ಥಾಮಸ್ ನೇಗೆಲ್ ಇದಕ್ಕೆ ಇನ್ನೊಂದು ಮುಖ ತೋರಿಸಿದ. ಬ್ರೇಕ್ ಚೆಕ್ ಮಾಡಿಸದ ಲಾರಿ ಡ್ರೈವರ್ ಮುಂದೆ ಮಗು ಅಡ್ಡ ಬಂದರೆ ಅವನು ಜೀವನಪೂರ್ತಿ ತನ್ನನ್ನೇ ಹಳಿದುಕೊಳ್ತಾನೆ. ಬರದಿದ್ದರೆ ಅದೇ ಉದಾಸೀನಕ್ಕೆ ಅವನನ್ನು ಕೇಳೋರೇ ಇಲ್ಲ. ಮಾಡಿದ ತಪ್ಪು ಒಂದೇ, ನಮ್ಮ ತೀರ್ಪು ಮಾತ್ರ ಬೇರೆ. ಇದನ್ನು ನೈತಿಕ ಅದೃಷ್ಟ ಅಂತಾರೆ. 287ರಲ್ಲಿ ಆ ನಾಲ್ಕೈದು ಸೆಕೆಂಡ್ ನನಗೆ ಸಿಕ್ಕಿದ್ದು ಅದೇ. ಅದನ್ನು ನಾನು ನನ್ನ ಡ್ರೈವಿಂಗ್ ಅಂದುಕೊಂಡಿದ್ದೆ.

ಇದಕ್ಕೆ ಎದುರು ಮಾತೂ ಇದೆ. ಎಲ್ಲ ಅನುಮಾನಕ್ಕೂ ಉತ್ತರ ಹುಡುಕ್ತಾ ಕೂತರೆ ಮನೆಯಿಂದ ಹೊರಗೆ ಕಾಲಿಡೋಕಾಗಲ್ಲ. ಹೊಸ ಗಾಡಿಯೂ ಕೆಡುತ್ತದೆ. ದುಡ್ಡಿಲ್ಲದವರು ಹಳೇ ಗಾಡಿಯಲ್ಲೇ ಊರು ಬದಲಿಸಬೇಕು, ಅವರಿಗೆ ನೀತಿಪಾಠ ಹೇಳೋದು ಹೊಟ್ಟೆ ತುಂಬಿದವರ ಮಾತು. ಒಪ್ತೀನಿ. ಗ್ಯಾರಂಟಿ ಯಾರಿಗೂ ಸಿಗಲ್ಲ, ಯಾರೂ ಅದನ್ನು ಕೇಳಲೂಬಾರದು.

ಆದರೆ ನನ್ನ ಕಥೆ ಅದಲ್ಲ. ನನಗೆ ದುಡ್ಡಿತ್ತು. ಉತ್ತರವೂ ಕೈಗೆ ಸಿಗುವಷ್ಟು ಹತ್ತಿರ ಇತ್ತು. ಮ್ಯಾನುಯಲ್‌ನ ಇನ್ನೊಂದು ಸಾಲು, ಒಂದು ಡಿಪ್‌ಸ್ಟಿಕ್, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನ ತೂಕದ ಕಟ್ಟೆ. ಅಲ್ಲಿ ಹದಿನೈದು ಡಾಲರ್ ಆಸುಪಾಸು ಕೊಟ್ಟರೆ ಯಾವ ಆಕ್ಸಲ್ ಮೇಲೆ ಎಷ್ಟು ಭಾರ ಅಂತ ಚೀಟಿ ಕೊಡ್ತಾರೆ. ಗೊತ್ತಿಲ್ಲದೆ ಇರೋದು ತಪ್ಪಲ್ಲ. ಗೊತ್ತಾಗದೇ ಇರಲಿ ಅಂತ ದಾರಿ ತಪ್ಪಿಸಿಕೊಂಡು ಓಡಾಡೋದು ತಪ್ಪು. ಟೆಸ್ಟ್ ಫೇಲ್ ಆಗಬಹುದು ಅಂತ ಟೆಸ್ಟೇ ಓಡಿಸದೆ ಶುಕ್ರವಾರ ಸಂಜೆ ಕೋಡ್ ಪ್ರೊಡಕ್ಷನ್‌ಗೆ ಹಾಕ್ತೀವಲ್ಲ, ಶುಗರ್ ಇರಬಹುದು ಅಂತ ರಕ್ತ ಪರೀಕ್ಷೆ ಮುಂದೂಡ್ತೀವಲ್ಲ, ಇದೂ ಅದೇ ಜಾತಿ. ರಸ್ತೆಯಲ್ಲಿ ಒಂದೇ ವ್ಯತ್ಯಾಸ, ನಮ್ಮ ನಂಬಿಕೆಯ ಬಿಲ್ಲು ಪಕ್ಕದ ಲೇನಿನವರಿಗೆ ಹೋಗುತ್ತದೆ. ದೇವರ ಮೇಲೆ ಭಾರ ಹಾಕಿದ್ದೀನಿ ಅಂತ ನಾನು ಅಂದುಕೊಂಡಿದ್ದೆ. ಹಾಕಿದ್ದು ಆ ಮಗುವಿನ ಮೇಲೆ.

ರಾತ್ರಿ ಗೆಳೆಯನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಆದ್ರೂ ಏನೂ ಆಗ್ಲಿಲ್ವಲ್ಲೋ" ಅಂದ. "ಅದಕ್ಕೇ ಹೇಳ್ತಿರೋದು. ನನಗೇನೂ ಆಗಲಿಲ್ಲ ಅನ್ನೋದು ನಿನ್ನ ಗಾಡಿ ಬಗ್ಗೆ ಏನನ್ನೂ ಹೇಳಲ್ಲ. ಮೊದಲು ತೋರಿಸು, ತುಂಬಿದ ಮೇಲೆ ತೂಕ ಹಾಕಿಸು. ಬೇಡ ಅಂದ್ರೆ ಟ್ರಕ್ ತಗೋ. ಮನೇಲಿ ಎಲ್ಲಾ ಹೇಳಿ ಹೊರಡು." ಸರಿ ಅಂದ. ತೋರಿಸ್ತಾನೋ ಇಲ್ವೋ ಗೊತ್ತಿಲ್ಲ.

ಫೋನ್ ಇಟ್ಟಾಗ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಅವತ್ತು ಗಾಳಿ ಅಲ್ವಾ?" ಅಂದಳು. "ಅಲ್ಲ" ಅಂದೆ. ಜಗಳ ಆಡ್ತಾಳೆ ಅಂದುಕೊಂಡೆ. ಆಡಲಿಲ್ಲ. "ಜರ್ಕ್ ಬರ್ತಿದೆ, ದುಡ್ಡು ಉಳಿಯುತ್ತೆ ಅಂತ ನೀನು ಹೇಳಿದ್ರೆ, ಆಗಲಿ ಹೋಗೋಣ ಅಂತ ನಾನೇ ಅಂದಿರ್ತಿದ್ನೇನೋ" ಅಂದಳು. "ಆದ್ರೆ ನನ್ನ ಕೇಳ್ಬೇಕಿತ್ತು."

ಅವಳನ್ನು ಕೇಳಬಹುದಿತ್ತು. ಪಕ್ಕದ ಕಾರಿನ ಮಗುವನ್ನು ಕೇಳೋಕಾಗಲ್ಲ. ಅದರ ಪರವಾಗಿ ಗಾಡಿಯನ್ನಾದರೂ ಕೇಳಬೇಕಿತ್ತು. ಎರಡು ವರ್ಷ ತಡವಾಗಿ ಇಷ್ಟು ಬರೆದಿದ್ದೀನಿ.