ಪಿತೃಧರ್ಮದಲ್ಲಿ ಒಂದು ಸಂಶಯ

ಪರರಿಗಾಗಿ ತನ್ನದನ್ನು ತ್ಯಜಿಸುವವನು ಶ್ಲಾಘ್ಯನು. ಆದರೆ ಮಗನ ಸುಖವನ್ನು ತಂದೆಯು ತ್ಯಜಿಸಬಹುದೇ? ಶಿಬಿಯು ಕೊಯ್ದುಕೊಟ್ಟುದು ತನ್ನ ಮಾಂಸವನ್ನಷ್ಟೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ನೆನೆವಾಗ ಈ ಸಂಶಯವು ತಾನಾಗಿ ಏಳುವುದು.

೧೮೯೯ರಲ್ಲಿ ಕೊಡಗಿನಲ್ಲಿ ಜನಿಸಿ, ೧೯೪೯ರಲ್ಲಿ ನಮ್ಮ ಭೂಸೇನೆಗೆ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ, ೧೯೯೩ರಲ್ಲಿ ಕಾಲವಾದ ಆ ಹಿರಿಯರ ಪದವಿಗಳ ವರ್ಣನೆಯು ಇಲ್ಲಿ ಬೇಡ. ೧೯೬೫ರ ಯುದ್ಧದಲ್ಲಿ ವೈಮಾನಿಕರಾಗಿದ್ದ ಅವರ ಪುತ್ರರು ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿಯ ಅಧ್ಯಕ್ಷ ಆಯೂಬ್ ಖಾನರು ವಿಭಜನೆಗೆ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸಮಾಡಿದ್ದವರು. ಪೂರ್ವಸ್ನೇಹವನ್ನು ಸ್ಮರಿಸಿ, ಮಗನನ್ನು ಬಿಡುವುದಾಗಿ ಹೇಳಿಕಳುಹಿಸಿದರು. ಸೆರೆಯಾಳುಗಳೆಲ್ಲರೂ ತನ್ನ ಮಕ್ಕಳೇ, ಬಿಟ್ಟರೆ ಎಲ್ಲರನ್ನೂ ಬಿಡತಕ್ಕದ್ದೆಂದು ತಂದೆಯು ಉತ್ತರವಿತ್ತರೆಂದು ಪ್ರಸಿದ್ಧಿ.

ಮಾತೇನೋ ಉದಾತ್ತವಾದುದೇ. ಆದರೆ ಕೀರ್ತಿಯು ತಂದೆಗೆ, ಕ್ಲೇಶವು ಮಗನಿಗೆ ಆಯಿತಲ್ಲಾ ಎನ್ನುವವರ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಉಳಿದ ಸೆರೆಯಾಳುಗಳ ತಂದೆಯರಿಗೆ ಅಧ್ಯಕ್ಷರ ಪರಿಚಯವೆಲ್ಲಿಯದು? ಪರಿಚಯಬಲದಿಂದ ಬಿಡುಗಡೆಯಾಗಿದ್ದರೆ, ಮಗನು ಆ ಜೊತೆಗಾರರ ಮುಖವನ್ನು ಮತ್ತೆ ಹೇಗೆ ನೋಡಿಯಾನು? ತಂದೆಯು ಕಾದುದು ಮಗನ ಮಾನವನ್ನೇ ಎಂದು ತೋರುವುದು. ಆದರೂ ತೀರ್ಪನ್ನು ಹೇಳತಕ್ಕವರು ಸೆರೆಯನ್ನು ಅನುಭವಿಸಿದವರೇ. ೧೯೬೬ರಲ್ಲಿ ಮರಳಿದ ಆ ಪುತ್ರರು ವಾಯುಸೇನೆಯಲ್ಲಿಯೇ ಮುಂದುವರಿದು ಏರ್ ಮಾರ್ಷಲ್ ಪದವಿಗೇರಿದರು. ತಂದೆಯ ಚರಿತ್ರೆಯನ್ನು ಬರೆದವರೂ ಅವರೇ.