ಚೌಕದ ಋಣಭಾರ

ನ್ಯೂರೆಂಬರ್ಗಿಗೆ ಬಂದು ನೆಲೆಸಿದ ಮೇಲೆ ನನಗೊಂದು ಹೆಚ್ಚುವರಿ ಕೆಲಸ ಅಂಟಿಕೊಂಡಿದೆ. ಊರಿನಿಂದ ಬರುವ ನೆಂಟರಿಗೆ, ಗೆಳೆಯರಿಗೆ ಹಳೇ ಪಟ್ಟಣ ತೋರಿಸುವುದು. ಕಾರ್ಯಕ್ರಮ ಯಾವಾಗಲೂ ಒಂದೇ. ಮಧ್ಯಾಹ್ನ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಹೌಪ್ಟ್‌ಮಾರ್ಕ್ಟ್ ಎಂಬ ದೊಡ್ಡ ಸಂತೆ ಚೌಕಕ್ಕೆ ಕರೆತಂದು ಮೇರಿಮಾತೆಯ ಚರ್ಚಿನ ಎದುರು ನಿಲ್ಲಿಸುತ್ತೇನೆ. ಗಂಟೆ ಹೊಡೆದಾಗ ಚರ್ಚಿನ ಮುಂಗೋಡೆಯ ಗಡಿಯಾರದಲ್ಲಿ ಗೊಂಬೆಗಳು ಹೊರಡುತ್ತವೆ. ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಏಳು ಮಂದಿ ದೊರೆಗಳು, ನಡುವೆ ಕುಳಿತ ನಾಲ್ಕನೆಯ ಕಾರ್ಲ್ ಚಕ್ರವರ್ತಿಯ ಸುತ್ತ ಮೂರು ಸಲ ತಿರುಗಿ ವಂದಿಸುತ್ತಾರೆ. ಆ ಆಯ್ಕೆಯ ಕಟ್ಟಳೆಯನ್ನು 1356ರಲ್ಲಿ ಹೊರಡಿಸಿದವನು ಅವನೇ. ಗಡಿಯಾರ 1509ರದ್ದು. ಜನ ಫೋನು ಎತ್ತಿ ಹಿಡಿಯುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ.

ಆಮೇಲೆ ಚೌಕದ ಮೂಲೆಯ 'ಚೆಂದದ ಕಾರಂಜಿ'. ಹೆಸರೇ ಅದು, ಶೋನರ್ ಬ್ರುನ್ನೆನ್. 14ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ್ದು; ಈಗ ನಿಂತಿರುವುದು ಅದರ ಪ್ರತಿಕೃತಿ. ಸುಮಾರು 19 ಮೀಟರ್ ಎತ್ತರ, ಚರ್ಚಿನ ಗೋಪುರವೊಂದನ್ನೇ ಕಿತ್ತು ನೆಲಕ್ಕೆ ನೆಟ್ಟ ಹಾಗೆ. ಅದರ ಕಬ್ಬಿಣದ ಬೇಲಿಯಲ್ಲಿ ಒಂದು ಉಂಗುರವಿದೆ, ತಿರುಗಿಸಿದರೆ ಬಯಸಿದ್ದು ಆಗುತ್ತದಂತೆ. ಎಲ್ಲರ ಕೈಯಲ್ಲೂ ತಿರುಗಿಸುತ್ತೇನೆ. ಕೊನೆಗೆ ಶುಂಠಿ, ದಾಲ್ಚಿನ್ನಿ ಹಾಕಿದ ಲೇಬ್‌ಕೂಖೆನ್ ಎಂಬ ಸಿಹಿ ಕೊಡಿಸಿದರೆ ನನ್ನ ಕೆಲಸ ಮುಗಿಯಿತು.

ಎರಡು ವರ್ಷ ಹೀಗೇ ನಡೆಸಿದೆ. ಆ ಎರಡು ವರ್ಷವೂ ನಾನು ಹೇಳುತ್ತಿದ್ದದ್ದು ಅರ್ಧ ಕಥೆ. ಉಳಿದರ್ಧ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು, ಬಂದವರ ಬಾಯಿರುಚಿ ಏಕೆ ಕೆಡಿಸಬೇಕು ಎಂದು ಬಿಟ್ಟುಬಿಡುತ್ತಿದ್ದೆ.

ಉಳಿದರ್ಧ ಇದು. 1349ರವರೆಗೆ ಇಲ್ಲಿ ಚೌಕ ಇರಲಿಲ್ಲ, ಒಂದು ಕೇರಿ ಇತ್ತು. ಪೆಗ್ನಿಟ್ಸ್ ನದಿಯ ಪಕ್ಕದ ತಗ್ಗಿನ ಜಾಗದಲ್ಲಿ ಯಹೂದಿಗಳು ಮನೆ ಕಟ್ಟಿಕೊಂಡು, ನಡುವೆ ತಮ್ಮ ಪ್ರಾರ್ಥನಾಮಂದಿರ ಕಟ್ಟಿಕೊಂಡು ಬಾಳುತ್ತಿದ್ದರು. ಕಾನೂನಿನ ಪ್ರಕಾರ ಅವರು ನೇರವಾಗಿ ರಾಜನ ಬೊಕ್ಕಸಕ್ಕೆ ಸೇರಿದವರು. ತೆರಿಗೆ ಕೊಡುತ್ತಿದ್ದರು, ಬದಲಿಗೆ ರಾಜ ಅವರನ್ನು ಕಾಯಬೇಕು. ಅಂಥ ರಾಜ, ಗಡಿಯಾರದಲ್ಲಿ ಕುಳಿತಿರುವ ಇದೇ ಕಾರ್ಲ್, 1349ರ ನವೆಂಬರ್ 16ರಂದು ಪಟ್ಟಣದ ಆಡಳಿತಸಭೆಗೆ ಒಂದು ಪತ್ರ ಬರೆದುಕೊಟ್ಟ. ಯಹೂದಿಗಳ ಮನೆಗಳನ್ನು ಕೆಡವಿ ಎರಡು ಸಂತೆ ಮಾಳ ಮಾಡಬಹುದು, ಅಲ್ಲಿ ಮುಂದೆಂದೂ ಮನೆ ಏಳಬಾರದು, ಪ್ರಾರ್ಥನಾಮಂದಿರದ ಜಾಗದಲ್ಲಿ ಮೇರಿಮಾತೆಗೆ ಚರ್ಚು ಕಟ್ಟಬೇಕು. ಪತ್ರ ಬರೆದ ದಿನ ಆ ಮನೆಗಳಲ್ಲಿ ಜನ ಇದ್ದರು. ಹತ್ತೊಂಬತ್ತು ದಿನ ಕಳೆದು, ಡಿಸೆಂಬರ್ 5ರಂದು, ಅವರನ್ನು ಕೊಂದರು. 562 ಮಂದಿ. ಲೆಕ್ಕ ಉಳಿದಿರುವುದು ಯಹೂದಿ ಸಮುದಾಯ ತನ್ನ ಸ್ಮರಣೆಯ ಪುಸ್ತಕದಲ್ಲಿ ಸತ್ತವರನ್ನು ಬರೆದಿಟ್ಟುಕೊಂಡಿದ್ದರಿಂದ. ಮೂರೇ ವರ್ಷಕ್ಕೆ ಚರ್ಚಿನ ಕೆಲಸ ಶುರುವಾಯಿತು.

ಕಳೆದ ಬೇಸಿಗೆಯಲ್ಲಿ ನನ್ನ ಸೋದರಮಾವ ಬಂದಿದ್ದರು. ನೋಂದಣಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಗೊಂಬೆಗಳು ಒಳಗೆ ಹೋದ ಮೇಲೆ ಚೌಕವನ್ನು ಉದ್ದಗಲಕ್ಕೂ ಕಣ್ಣಲ್ಲೇ ಅಳೆದು, "ಊರ ನಡುಮಧ್ಯೆ ಇಷ್ಟು ಖಾಲಿ ಜಾಗ ಹೇಗೆ ಉಳೀತಯ್ಯ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಹೇಳಿದೆ.

ಮಾವ ಕೈಯಲ್ಲಿದ್ದ ಸಿಹಿಯನ್ನು ಕಾಗದದಲ್ಲಿ ಮಡಿಸಿ ಜೇಬಿಗಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ಸೈಟು ತಗೊಳ್ಳೋವಾಗ ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸ್ತಾರೆ. ಆರುನೂರ ಎಪ್ಪತ್ತು ವರ್ಷದ್ದು ತೆಗೆಸೋಕೆ ಹೊರಟರೆ ಈ ಭೂಮಿ ಮೇಲೆ ಯಾರು ಎಲ್ಲಿ ಕಾಲಿಡಬೇಕು?" ಎಂದರು.

ಈ ಮಾತು ಹಗುರವಾದದ್ದಲ್ಲ. ಯಾವ ಊರಿನ ಅಡಿಯಲ್ಲಿ ಯಾರ ಮೂಳೆ ಇಲ್ಲ? ಅಲ್ಲಿ ಟೊಮೆಟೊ ಮಾರುವ ಹೆಂಗಸು ಯಾರನ್ನೂ ಕೊಂದಿಲ್ಲ. ಅವಳ ಹಿರಿಯರು ಈ ಊರಿನವರೇ ಎಂದೂ ಇಲ್ಲ. 1945ರ ಜನವರಿ 2ರ ಬಾಂಬ್ ದಾಳಿಗೆ ಈ ಹಳೇ ಪಟ್ಟಣ ಬಹುಪಾಲು ನೆಲಸಮವಾಯಿತು. ಚರ್ಚಿನಲ್ಲಿ ಉಳಿದದ್ದು ಹೊರಗೋಡೆ, ಮುಂಗೋಡೆ. ನಾವು ನೋಡುತ್ತಿರುವುದರಲ್ಲಿ ಬಹಳಷ್ಟು ಮತ್ತೆ ಕಟ್ಟಿದ್ದು. ಕೊಂದವರೂ ಇಲ್ಲ, ಅವರು ಮುಟ್ಟಿದ ಕಲ್ಲೂ ಅಷ್ಟಾಗಿ ಇಲ್ಲ. ಹಾಗಿದ್ದರೆ ತಪ್ಪು ಯಾರದು?

ತಪ್ಪು ಯಾರದೂ ಅಲ್ಲ ಎಂದೇ ನನ್ನ ಉತ್ತರ. ಮಾಡದ ತಪ್ಪನ್ನು ಯಾರ ತಲೆಗೂ ಕಟ್ಟಲಾಗದು. ಆದರೆ ಮಾವನ ಕಚೇರಿಯ ಭಾಷೆಯಲ್ಲೇ ಇನ್ನೊಂದು ಮಾತಿದೆ. ತಪ್ಪು ಬೇರೆ, ಋಣ ಬೇರೆ. ಸಾಲ ಮಾಡಿದವನು ಸತ್ತರೂ ಮನೆಯ ಮೇಲಿನ ಸಾಲ ಸಾಯುವುದಿಲ್ಲ. ಮನೆ ಯಾರ ಅನುಭೋಗದಲ್ಲಿದೆಯೋ ಅವರ ಜೊತೆ ಬರುತ್ತದೆ. ಈ ಋಣ ರಕ್ತದಿಂದ ಬರುವುದಲ್ಲ, ಅನುಭವಿಸುವುದರಿಂದ ಬರುವುದು. ಹಾಗೆ ನೋಡಿದರೆ ಟೊಮೆಟೊ ಮಾರುವವಳಷ್ಟೇ ನಾನೂ ಋಣಿ. ಈ ಚೌಕದ ಬಿಸಿಲಿನಲ್ಲಿ ಎಷ್ಟೋ ಭಾನುವಾರ ಕೂತವನು ನಾನು.

"ಸರಿ, ತೀರಿಸೋದು ಹೇಗೆ? ಸತ್ತವರಿಗೆ ಚೆಕ್ಕು ಬರೀತೀಯಾ?" ಎಂದರು ಮಾವ. ನೆನಪಿಸಿಕೊಳ್ಳುವುದು ಎಂದೆ. ನೆನಪು ಬಹಳ ಅಗ್ಗದ ನಾಣ್ಯ ಎಂದರು. ಅದೂ ನಿಜವೇ. ನೆನೆದು, ನಿಟ್ಟುಸಿರು ಬಿಟ್ಟು, ನಾವೆಷ್ಟು ಒಳ್ಳೆಯವರು ಎಂದುಕೊಂಡು ಮನೆಗೆ ಹೋಗಬಹುದು. ಇದೇ ಚೌಕದ ಕಾರಂಜಿಯನ್ನೇ ನೋಡಿ. ಅದರಲ್ಲಿ 40 ಮೂರ್ತಿಗಳಿವೆ. ಮೇಲಿನ ಸಾಲಿನಲ್ಲಿ ಮೋಸೆಸ್ ಮತ್ತು ಏಳು ಮಂದಿ ಪ್ರವಾದಿಗಳು. ಕೆಳಗೆ ವೀರರ ಸಾಲಿನಲ್ಲಿ ಜೋಶುವ, ದಾವೀದ, ಯೂದ ಮಕ್ಕಬಿ. ಅಷ್ಟೂ ಮಂದಿ ಯಹೂದಿಗಳು! ನೆರೆಮನೆಯ ಯಹೂದಿಗಳನ್ನು ಕೊಂದ ಐದು ದಶಕದೊಳಗೆ, ಅದೇ ನೆಲದ ಮೇಲೆ, ಗ್ರಂಥದೊಳಗಿನ ಯಹೂದಿಗಳಿಗೆ ಬಣ್ಣ, ಚಿನ್ನ ಬಳಿದು ನಿಲ್ಲಿಸಿದರು. ಅದನ್ನು ಕಡೆದವರಿಗೆ ಇದು ವಿಚಿತ್ರವೆನಿಸಿರಲಿಕ್ಕಿಲ್ಲ. ದೂರದವರನ್ನು ಪೂಜಿಸುವುದು, ಪಕ್ಕದವರನ್ನು ಒಕ್ಕಲೆಬ್ಬಿಸುವುದು ಒಟ್ಟೊಟ್ಟಿಗೆ ಆಗುವ ಕೆಲಸಗಳೇ.

ಆದ್ದರಿಂದ ಬರಿಯ ನೆನಪು ಸಾಲದು; ನೆನಪು ಒಂದು ಪ್ರಶ್ನೆಯಾಗಿ ಉಳಿಯಬೇಕು. ಪ್ರಶ್ನೆ ಮರೆತರೆ ಏನಾಗುತ್ತದೆ ಎನ್ನುವುದಕ್ಕೂ ಇದೇ ಊರು ಸಾಕ್ಷಿ. 1933ರಲ್ಲಿ ಈ ಚೌಕಕ್ಕೆ ಹಿಟ್ಲರನ ಹೆಸರಿಟ್ಟರು. ಪಕ್ಷದ ಸಮಾವೇಶದ ಪಡೆಗಳು ಇಲ್ಲೇ ಅವನೆದುರು ಹಾದುಹೋದವು. ಇಲ್ಲಿಗೆ ಹತ್ತಿರದ ಹಾನ್ಸ್ ಸಾಕ್ಸ್ ಚೌಕದಲ್ಲಿ 19ನೆಯ ಶತಮಾನದ ದೊಡ್ಡ ಯಹೂದಿ ಪ್ರಾರ್ಥನಾಮಂದಿರವಿತ್ತು. 1938ರ ಆಗಸ್ಟಿನಲ್ಲಿ, ದೇಶದ ತುಂಬ ಮಂದಿರಗಳು ಉರಿದ ಆ ನವೆಂಬರ್ ರಾತ್ರಿಗಿಂತ ಮೂರು ತಿಂಗಳು ಮೊದಲೇ, ಅದನ್ನು ಕೆಡವಿದರು. ಕೊಟ್ಟ ಕಾರಣವೇನು ಗೊತ್ತೆ? ಅದು ಹಳೇ ಪಟ್ಟಣದ ಅಂದ ಕೆಡಿಸುತ್ತದೆ ಎಂದು.

ಊರು ಚೆಂದವಾಗಬೇಕು. 1349ರಲ್ಲೂ ಸಂತೆಗೆ ಹರವಾದ ಜಾಗ ಬೇಕಿತ್ತು, 1938ರಲ್ಲೂ ಊರಿನ ಅಂದ ಕಾಯಬೇಕಿತ್ತು. ನಡುವಿನ ಆರು ಶತಮಾನ ಈ ಚೌಕದಲ್ಲಿ ನಿಂತು ಇದೆಷ್ಟು ಚೆಂದ ಎಂದವರ ಮಾತು ಸುಳ್ಳೇನಲ್ಲ. ಚೆಂದವಾಗಿಯೇ ಇದೆ. ಆದರೆ ಚೆಂದ ಮಾಡುತ್ತೇವೆ ಎಂದು ಯಾರಾದರೂ ಹೊರಟಾಗ, ಆ ಜಾಗದಲ್ಲಿ ಈಗ ಯಾರಿದ್ದಾರೆ ಎಂದು ಕೇಳುವ ಅಭ್ಯಾಸ ಬೇಕು. ನಾವು ತೀರಿಸಬಹುದಾದ ಕಂತು ಇಷ್ಟೇ ಎಂದು ನನಗೆ ತೋರುತ್ತದೆ. ಅಸಲು ತೀರುವುದಿಲ್ಲ.

ಮಾವ ಒಪ್ಪಿದರೆಂದು ಹೇಳಲಾರೆ. ಎದ್ದು, "ಆ ಮಂದಿರ ಇತ್ತು ಅಂದ್ಯಲ್ಲ, ಆ ಜಾಗ ತೋರಿಸು" ಎಂದರು. ಚರ್ಚಿನ ಒಳಗೆ, ಬಲಿಪೀಠದ ಕಡೆಯ ನೆಲಹಾಸಿನಲ್ಲಿ ದಾವೀದನ ನಕ್ಷತ್ರ ಕೂರಿಸಿದ್ದಾರೆ. ಮಾವ ಕನ್ನಡಕ ಏರಿಸಿಕೊಂಡು, ನೋಂದಣಿಗೆ ಬಂದ ಪತ್ರ ನೋಡುವ ಹಾಗೆ ಬಹಳ ಹೊತ್ತು ಅದನ್ನು ನೋಡುತ್ತ ನಿಂತರು.

ಈಗ ನನ್ನ ಕಾರ್ಯಕ್ರಮ ಬದಲಾಗಿದೆ. ಹನ್ನೊಂದೂವರೆಗೇ ಬರುತ್ತೇವೆ. ಮೊದಲು ಒಳಗೆ ಹೋಗಿ ನೆಲ ನೋಡುತ್ತೇವೆ, ಆಮೇಲೆ ಹೊರಗೆ ಬಂದು ಗಡಿಯಾರ. ಗೊಂಬೆಗಳು ಅದೇ ಥರ ಮೂರು ಸುತ್ತು ತಿರುಗುತ್ತವೆ. ಬಂದವರಲ್ಲಿ ಕೆಲವರು ಫೋಟೋ ತೆಗೆಯುತ್ತಾರೆ, ಕೆಲವರು ತೆಗೆಯುವುದಿಲ್ಲ. ನಾನು ಯಾರಿಗೂ ಏನೂ ಹೇಳುವುದಿಲ್ಲ. ಸಿಹಿ ಮಾತ್ರ ಎಲ್ಲರಿಗೂ ಕೊಡಿಸುತ್ತೇನೆ.