ಕಾಯುವುದರ ಖರ್ಚು

ಏನನ್ನೂ ಮಾಡದೆ ಸುಮ್ಮನಿರುವುದಕ್ಕೂ ಖರ್ಚು ತಗಲುತ್ತದೆಯೆ? ಪ್ರಶ್ನೆ ವೇದಾಂತದ್ದೆಂದು ಓದುಗರು ಹೆದರಬೇಕಾಗಿಲ್ಲ. ಅದು ಹುಟ್ಟಿದ್ದು ನಮ್ಮ ಮನೆಯ ಟಿ.ವಿ.ಯ ಮುಂದೆ. ಕಳೆದ ವರ್ಷ ಮಕ್ಕಳ ಒತ್ತಾಯಕ್ಕೆ ಮಣಿದು, ಅಂತರ್ಜಾಲದಿಂದ ಚಿತ್ರಗಳನ್ನು ತಂದು ತೋರಿಸುವ ಸ್ಟ್ರೀಮಿಂಗ್ ಕಡ್ಡಿಯೊಂದನ್ನು ಕೊಂಡೆವು. ಅದರ ರಿಮೋಟಿಗೆ ಎರಡು ಸಣ್ಣ ಸೆಲ್ಲುಗಳು. ಹಳೆಯ ಟಿ.ವಿ.ಯ ರಿಮೋಟಿನಲ್ಲಿ ಯಾವ ಯುಗಾದಿಗೆ ಸೆಲ್ಲು ಹಾಕಿದ್ದೆವೆಂಬುದೇ ಮರೆತುಹೋಗುತ್ತಿತ್ತು. ಹೊಸದು ಮೂರು ವಾರಕ್ಕೆ ಎರಡರಂತೆ ನುಂಗತೊಡಗಿತು. ನಮ್ಮ ತಾಯಿ ಒಂದು ದಿನ ಕೇಳಿಯೇಬಿಟ್ಟರು: “ದಿನಕ್ಕೆ ಒಂದು ಗಂಟೆ ನೋಡಿದರೆ ಹೆಚ್ಚು. ಮಿಕ್ಕ ಹೊತ್ತೆಲ್ಲ ಅದು ಸೋಫಾದ ಮೇಲೆ ಬಿದ್ದಿರುತ್ತದೆ. ಬಿದ್ದಿರುವುದಕ್ಕೂ ಊಟ ಬೇಕೇನಪ್ಪ ಅದಕ್ಕೆ?”

ಉತ್ತರ ನನಗೆ ತಿಳಿದಿರಲಿಲ್ಲ. ಪೇಟೆಯಲ್ಲಿ ಟಿ.ವಿ. ರಿಪೇರಿ ಮಾಡುವ ಪರಿಚಿತರೊಬ್ಬರ ಬಳಿಗೆ ರಿಮೋಟನ್ನು ಒಯ್ದೆ. ಒಳ್ಳೆಯ ವೈದ್ಯರು ಮೊದಲು ನಾಲಗೆ ನೋಡುವಂತೆ ಅವರು ಮೊದಲು ಸೆಲ್ಲು ನೋಡಿದರು. ಗೋಡೆ ಗಡಿಯಾರಕ್ಕೆ ಸಾಕಾಗುವ ಅಗ್ಗದ ಸತು-ಇಂಗಾಲದ ಸೆಲ್ಲು ಇಂಥ ರಿಮೋಟಿಗೆ ಒಗ್ಗುವುದಿಲ್ಲವಂತೆ; ಗಡಿಯಾರ ತೊಟ್ಟು ತೊಟ್ಟಾಗಿ ಕುಡಿಯುತ್ತದೆ, ಇದು ಗುಟುಕು ಗುಟುಕಾಗಿ. ಅಲ್ಕಲೈನ್ ಸೆಲ್ಲೇ ಆಗಬೇಕು, ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಹೊಸದರ ಜೊತೆ ಹಳೆಯದನ್ನು ಕೂಡಿಸಿದರೆ ಬಡವಾದದ್ದು ಇನ್ನೂ ಬತ್ತಿ ಕಡೆಗೆ ಸೋರತೊಡಗುತ್ತದೆ. ಮರುಚಾರ್ಜಿನ ಸೆಲ್ಲು ಹಾಕುವವರಿಗೆ ಇನ್ನೊಂದು ಗೊಂದಲವುಂಟು. ಅದರ ಒತ್ತಡ 1.5 ವೋಲ್ಟ್ ಅಲ್ಲ, 1.2, ಆದಕಾರಣ ಒಳಗೆ ಬೇಕಾದಷ್ಟು ಶಕ್ತಿ ಇರುವಾಗಲೇ ಟಿ.ವಿ.ಯ ಪರದೆ ‘ಬ್ಯಾಟರಿ ಮುಗಿಯಿತು’ ಎಂದು ಕೂಗಿಕೊಳ್ಳಬಹುದು.

ಬಳಿಕ ಸ್ಪ್ರಿಂಗುಗಳನ್ನು ಪರೀಕ್ಷಿಸಿದರು. ಅಲ್ಲಿ ಬಿಳಿಯ ಹಿಟ್ಟಿನಂಥದು ಕಟ್ಟಿದ್ದರೆ ಅದು ಸೆಲ್ಲಿನಿಂದ ಸೋರಿದ ಕ್ಷಾರ. ಹತ್ತಿಗೆ ಎರಡು ತೊಟ್ಟು ನಿಂಬೆರಸ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಬೇಕು. ನಮ್ಮದು ಶುಚಿಯಾಗಿತ್ತು. ಆಮೇಲೆ ತಮ್ಮ ಮೊಬೈಲಿನ ಕ್ಯಾಮರಾವನ್ನು ರಿಮೋಟಿನ ಮೂತಿಗೆ ಹಿಡಿದರು. ಟಿ.ವಿ.ಯ ಸದ್ದು ಏರಿಸಲು, ಆರಿಸಲು ಇಂಥ ರಿಮೋಟುಗಳೂ ಸಾಮಾನ್ಯವಾಗಿ ಹಳೆಯ ಅವಕೆಂಪು ಬೆಳಕನ್ನೇ ಬಳಸುತ್ತವೆ. ಕಣ್ಣಿಗೆ ಕಾಣದ ಆ ಬೆಳಕು ಅನೇಕ ಕ್ಯಾಮರಾಗಳಿಗೆ ನಸುನೇರಳೆಯಾಗಿ ಕಾಣುತ್ತದೆ. ಯಾರೂ ಒತ್ತದಿರುವಾಗ ಅದು ಮಿನುಗುತ್ತಿದ್ದರೆ ಯಾವುದೋ ಗುಂಡಿ ಸಿಕ್ಕಿಕೊಂಡಿದೆಯೆಂದು ಅರ್ಥ. ಸೋಫಾದ ದಿಂಬುಗಳ ಸಂದಿಗೆ ಜಾರಿದ ರಿಮೋಟಿನ ಗತಿಯೂ ಇದೇ. ದಿಂಬು ರಾತ್ರಿಯೆಲ್ಲ ಗುಂಡಿ ಒತ್ತುತ್ತಿರುತ್ತದೆ. ನಮ್ಮ ರಿಮೋಟಿನಲ್ಲಿ ಈ ದೋಷವೂ ಇರಲಿಲ್ಲ.

“ಹಾಗಾದರೆ ಕಡ್ಡಿ ಎಲ್ಲಿದೆ ಮೇಷ್ಟ್ರೇ?” ಎಂದರು. ಟಿ.ವಿ.ಯ ಬೆನ್ನಿಗೂ ಗೋಡೆಗೂ ನಡುವೆ, ಅಳವಡಿಸಲು ಬಂದವನು ಸಿಕ್ಕಿಸಿಹೋದಲ್ಲೇ ಇತ್ತು. ಅವರು ನಕ್ಕರು. ರಿಮೋಟು ಕರೆಯುತ್ತದೆ, ಟಿ.ವಿ.ಯ ಲೋಹದ ಮೈ ಅಡ್ಡ ಬರುತ್ತದೆ, ಉತ್ತರ ಬಾರದ್ದರಿಂದ ಮತ್ತೆ ಕರೆಯುತ್ತದೆ. ಗೇಣುದ್ದದ ಒಂದು ತಂತಿಯ ತುಂಡು ಹಾಕಿ ಕಡ್ಡಿಯನ್ನು ಹೊರಕ್ಕೆ ಎಳೆದ ಮೇಲೆ ನಮ್ಮ ಸೆಲ್ಲುಗಳ ಆಯುಸ್ಸು ಮೂರು ವಾರದಿಂದ ಮೂರು ತಿಂಗಳಿಗೆ ಏರಿತು.

ಆದರೂ ಮೂರು ತಿಂಗಳು, ಯುಗಾದಿಯಿಂದ ಯುಗಾದಿಯಲ್ಲ. ಮಿಕ್ಕ ಅಂತರಕ್ಕೆ ಅವರು ಕೊಟ್ಟ ಕಾರಣವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಹಳೆಯ ರಿಮೋಟು ಹೇಳಬಲ್ಲುದು, ಕೇಳಲಾರದು. ಗುಂಡಿ ಒತ್ತಿದಾಗ ಎದ್ದು ಒಂದು ಮಾತು ಹೇಳಿ ಮತ್ತೆ ಮಲಗಿಬಿಡುತ್ತದೆ. ಹೊಸದಕ್ಕೆ ಬ್ಲೂಟೂತಿನ ಕಿವಿಯುಂಟು. ಕಡ್ಡಿಯೊಡನೆ ನಂಟು ಕಡಿಯದಂತೆ ಅದು ಆಗಾಗ ಕ್ಷಣಮಾತ್ರ ಎಚ್ಚೆತ್ತು ‘ಇದ್ದೇನೆ’ ಎನ್ನುತ್ತಿರಬೇಕು. ಸೆಕೆಂಡಿಗೆ ಒಂದೇ ಸಲ ಎಂದು ಹಿಡಿದರೂ ದಿನಕ್ಕೆ 86,400 ಸಲವಾಯಿತು. ಕಳೆದುಹೋದಾಗ ಕರೆದರೆ ಸದ್ದು ಮಾಡಿ ತಾನಿರುವ ಜಾಗ ತಿಳಿಸುವ ರಿಮೋಟುಗಳೂ ಬಂದಿವೆ. ಅವು ಕಳೆದುಹೋಗಿರುವಾಗಲೂ ಕಿವಿ ತೆರೆದೇ ಇರಬೇಕು. ನಮ್ಮ ತಾಯಿ ‘ಬಿದ್ದಿರುವುದು’ ಎಂದ ಸ್ಥಿತಿಯಲ್ಲಿ ಅದು ಬಿದ್ದಿರಲಿಲ್ಲ, ಕಾಯುತ್ತಿತ್ತು.

ಕನ್ನಡ ಪಾಠ ಹೇಳುವವನಿಗೆ ಇಲ್ಲೊಂದು ಮಾತು ನೆನಪಾಗದೆ ಇರದು. ನಮ್ಮಲ್ಲಿ ‘ಕಾಯು’ ಎಂದರೆ ನಿರೀಕ್ಷಿಸು. ದನ ಕಾಯುವವನಲ್ಲಿ, ಊರು ಕಾಯುವವನಲ್ಲಿ ಅದೇ ರಕ್ಷಿಸು ಎಂದಾಗುತ್ತದೆ. ಒಲೆಯ ಮೇಲಿನ ನೀರಿಗೆ ಬಂದರೆ ಬಿಸಿಯಾಗು. ಕೊನೆಯದು ಬೇರೆಯ ಧಾತುವೆಂದು ನಿಘಂಟುಕಾರರು ಹೇಳುತ್ತಾರೆ, ಅವರ ಮಾತು ಸರಿ. ಆದರೂ ಕಾದವರಿಗೆ ಗೊತ್ತು, ಎರಡೂ ಧಾತುಗಳಿಗೆ ಉರುವಲು ಬೇಕು.

ಯಂತ್ರಗಳ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯಿದೆ. 1956ರಲ್ಲಿ ಅಮೆರಿಕದ ಜೆನಿತ್ ಕಂಪೆನಿ ರಾಬರ್ಟ್ ಆಡ್ಲರ್ ರೂಪಿಸಿದ ‘ಸ್ಪೇಸ್ ಕಮಾಂಡ್’ ಎಂಬ ರಿಮೋಟನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಸೆಲ್ಲೇ ಇರಲಿಲ್ಲ! ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯೂಮಿನಿಯಂ ಸರಳಿಗೆ ಬಡಿಯುವುದು. ಮನುಷ್ಯರ ಕಿವಿಗೆ ನಿಲುಕದ ಆ ಸ್ವರವನ್ನು ಟಿ.ವಿ. ಕೇಳಿ ಚಾನೆಲ್ ಬದಲಾಯಿಸುವುದು. ಖರ್ಚಿಲ್ಲದ ಕೆಲಸವೆಂದು ಹಿಗ್ಗುವ ಮೊದಲು ಟಿ.ವಿ.ಯ ಕಡೆಗೊಮ್ಮೆ ನೋಡಬೇಕು. ಆ ಸ್ವರಕ್ಕಾಗಿ ಕಿವಿಗೊಟ್ಟು ಕೂರುವುದಕ್ಕೆಂದೇ ಅದರೊಳಗೆ ಹೆಚ್ಚಿನ ನಿರ್ವಾತ ಕೊಳವೆಗಳನ್ನು ಇಡಬೇಕಾಯಿತು, ಬೆಲೆಯೂ ಏರಿತು. ಕೈಯಲ್ಲಿದ್ದ ಸಾಧನಕ್ಕೆ ಕಾಯುವುದು ತಪ್ಪಿತು, ಗೋಡೆಯ ಬಳಿಯದಕ್ಕೆ ಗಂಟುಬಿತ್ತು. ನಾವು ಕಾಯಲಾರೆವೆಂದು ಹಟ ಹಿಡಿದಾಗಲೆಲ್ಲ ನಮ್ಮ ಬದಲಿಗೆ ಬೇರೆ ಯಾರೋ ಎಲ್ಲಿಯೋ ಕಾಯುತ್ತಿರುತ್ತಾರೆ.

ಯಂತ್ರದ ಮಾತು ಸುಲಭ. ಸೆಲ್ಲು ಮುಗಿದಾಗ ಲೆಕ್ಕ ತಾನಾಗಿ ತಿಳಿಯುತ್ತದೆ. ಮನುಷ್ಯರ ವಿಷಯದಲ್ಲಿ ಈ ಲೆಕ್ಕ ಕೋರ್ಟಿನವರೆಗೆ ಹೋಗಿದೆ. ಷಿಕಾಗೋದ ಸಾಬೂನು ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದರೆ ಆರಿಸಲೆಂದು ನೇಮಿಸಿದ ಜನ ಹಗಲ ಕೆಲಸ ಮುಗಿಸಿ ರಾತ್ರಿಯೂ ಅಲ್ಲೇ ಉಳಿಯಬೇಕಾಗಿತ್ತು. ಇಸ್ಪೀಟಾಡುತ್ತಿದ್ದರು, ರೇಡಿಯೋ ಕೇಳುತ್ತಿದ್ದರು. ಅದಕ್ಕೆಂಥ ಕೂಲಿ ಎಂದು ಕಾರ್ಖಾನೆಯವರು ವಾದಿಸಿದರು. 1944ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಸನ್ನದ್ಧವಾಗಿರುವುದನ್ನೂ ಕೂಲಿಗೆ ಕೊಳ್ಳಬಹುದು, ಕೊಂಡಮೇಲೆ ಅದು ಕೆಲಸವೇ ಎಂದಿತು. ನಿದ್ರೆಯ, ಊಟದ ಹೊತ್ತನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಮುಂದೆ ಬಂದವರು ಮೊಬೈಲ್ ಆ್ಯಪಿನ ಕಾರು ಚಾಲಕರು. ತಮಗೆ ಪರವಾನಗಿಯಿರುವ ಪ್ರದೇಶದಲ್ಲಿ ಆ್ಯಪ್ ತೆರೆದು, ಕರೆ ಬಂದರೆ ಹೊರಡಲು ಸಿದ್ಧರಾಗಿದ್ದ ಹೊತ್ತೂ ದುಡಿಮೆಯ ಹೊತ್ತೇ ಎಂದು ತೀರ್ಪಾಯಿತು.

ಹಾಗಾದರೆ ಸೋಮಾರಿತನಕ್ಕೂ ಕಾಯುವುದಕ್ಕೂ ಗಡಿ ಎಲ್ಲಿ? ನನಗೆ ತೋರುವುದು ಇಷ್ಟು. ಸೆಲ್ಲು ತೆಗೆದು ಬೀರುವಿನಲ್ಲಿಟ್ಟ ರಿಮೋಟು ಸೋಮಾರಿ. ಅದರ ಹೊತ್ತು ಯಾರದೂ ಅಲ್ಲ. ಸೋಫಾದ ಮೇಲಿನದರ ಹೊತ್ತು ನನ್ನದು, ನಾನು ಅದನ್ನು ಮುಟ್ಟದಿದ್ದರೂ ನನ್ನದು. ಮರದ ನೆರಳಿನಲ್ಲಿ ಇಬ್ಬರು ಒಂದೇ ಪತ್ರಿಕೆ ಓದುತ್ತಿರಬಹುದು. ಎದ್ದುಹೋಗುವ ಸ್ವಾತಂತ್ರ್ಯ ಯಾರಿಗಿಲ್ಲವೋ ಅವನು ಕೆಲಸದಲ್ಲಿದ್ದಾನೆ.

ಇದನ್ನೆಲ್ಲ ಈಗ ಬರೆಯುವುದಕ್ಕೆ ಒಂದು ಕಾರಣವುಂಟು. ನಾನಿರುವ ಕಾಲೇಜಿನಲ್ಲಿ ಖರ್ಚು ಕಡಿಮೆ ಮಾಡಲು ನೇಮಿಸಿದ ಸಮಿತಿಯಲ್ಲಿ ನಾನೂ ಒಬ್ಬ. ಪ್ರಿನ್ಸಿಪಾಲರ ಕೊಠಡಿಯ ಹೊರಗೆ ಸ್ಟೂಲಿನ ಮೇಲೆ ಕೂರುವ ಅಟೆಂಡರರ ಕೆಲಸವನ್ನು ಯಾರೋ ಗಡಿಯಾರ ಹಿಡಿದು ಅಳೆದು ತಂದಿದ್ದಾರೆ: ಗಂಟೆ ಹೊಡೆಯುವುದು ಎಂಟು ಸಲ, ಹಾಜರಿ ಪುಸ್ತಕ ಒಯ್ಯುವುದು ಎರಡು ಸಲ, ಅಂಚೆ ಒಂದು ಸಲ, ಒಟ್ಟು ಒಂದು ಗಂಟೆ ಹತ್ತು ನಿಮಿಷ. ವಿದ್ಯುತ್ ಗಂಟೆ ಹಾಕಿಸಿ ಹುದ್ದೆಯನ್ನು ತೆಗೆಯಬಹುದೆಂಬುದು ಸಲಹೆ. ಆ ಪಟ್ಟಿಯಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿನ ಮಿಕ್ಕ ಹೊತ್ತಿಗೂ ಒಂದು ಅಂಕಣ ಇರಬೇಕೆಂದು ನಾನು ಬರೆದುಕೊಟ್ಟೆ. ಸದಸ್ಯರೊಬ್ಬರು ನಗುತ್ತಾ, “ಆತ ಪೇಪರ್ ಓದುವುದನ್ನೂ ಕೆಲಸವೆಂದು ಬರೆಯೋಣವೆ ಸ್ವಾಮಿ?” ಎಂದರು. ವಾಕ್ಯದ ನಡುವೆ ಕರೆದರೂ ಎದ್ದು ಬರುವುದಾದರೆ ಬರೆಯಬೇಕಾಗುತ್ತದೆ ಎಂದೆ. ಬರುವ ತಿಂಗಳು ಸಮಿತಿ ಮತ್ತೆ ಸೇರಲಿದೆ.